ಖಂಡೇನವಮಿಯ ಬಿಳಿ ಕವಚ

ಇಸ್ತ್ರಿಪೆಟ್ಟಿಗೆಯ ಕೆಳಗೆ ಫೋಮು ಮೆತ್ತಗಾಗತೊಡಗಿದ ಹೊತ್ತಿಗೆ ಸರಿಯಾಗಿ ಅದರ ವಾಸನೆ ಕಲ್ಲವ್ವನ ಮೂಗಿಗೆ ಬಡಿಯಿತು. ಹೊಲಿಗೆ ಮಷೀನಿನ ಚಕ್ರವನ್ನು ಕೈಯಿಂದ ತಡೆದು ಹಿಂದಿರುಗಿ ನೋಡಿದಳು. ಮಗಳು ರೇಣು ನೆಲಕ್ಕೆ ಹಳೆಯ ಚಾದರ ಹಾಸಿ, ಅದರ ಮೇಲೆ ಬೆರಳು ದಪ್ಪದ ಫೋಮಿನ ಹಾಳೆಯಿಟ್ಟು, ಹಾಳೆಯ ಮೇಲೊಂದು ಪೇಪರು ಹಾಕಿ ಇಸ್ತ್ರಿ ಉಜ್ಜುತ್ತಿದ್ದಳು. ಬಿಸಿಯಾದ ಕೂಡಲೇ ಹಾಳೆಯನ್ನು ಎತ್ತಿ, ಮೂಲೆಯಲ್ಲಿದ್ದ ನೀರಿನ ಕೊಡದ ಹೊಟ್ಟೆಗೆ ಒತ್ತಿ, ಕೊಡವನ್ನು ತಬ್ಬಿಕೊಂಡು ಕೂತುಬಿಟ್ಟಳು.

"ಏ ರೇಣು, ಅದಕ್ಕ ಕುಡ್ಯೂ ನೀರಿನ ಕೊಡಾನ ಬೇಕಾಗಿತ್ತೇನ?"

"ಹೊರಗಿಂದಷ್ಟ ಹಚ್ಚೀನಿ ಯವ್ವಾ. ತುಂಬಿದ ಕೊಡ ಆದ್ರ ಅಲುಗಾಡೂದಿಲ್ಲ, ತಂಪೂ ಲಗೂ ಆಗ್ತದ. ಇದು ಭುಜದ್ದು. ನೋಡು, ಹೆಂಗ ದುಂಡಗ ಬಂತು."

ನಿಜಕ್ಕೂ ದುಂಡಗೇ ಬಂದಿತ್ತು. ಕಲ್ಲವ್ವ ಅದನ್ನು ನೋಡಿದಳು, ನೋಡಿಲ್ಲವೆಂಬಂತೆ ಮುಖ ತಿರುಗಿಸಿ ಮತ್ತೆ ಮಷೀನು ತುಳಿಯತೊಡಗಿದಳು.

ಮರಾಠಿ ಸೀಮೆಯ ಹಡಪಸರದಲ್ಲಿ, ಸಾಲುಮನೆಗಳ ಆ ಚಾಳಿನ ಮೊದಲ ಮಹಡಿಯಲ್ಲಿ ಅವರದು ಒಂದು ಕೋಣೆ, ಒಂದು ಅಡುಗೆಮನೆ. ಗಂಡ ಈರಬಸಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿಯೊಬ್ಬರ ಅಂಗಡಿಯ ಗದ್ದಿಯಲ್ಲಿ ಗುಮಾಸ್ತ. ಮಗ ರೋಹಿತನಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಈ ಇಬ್ಬರು ಗಂಡಸರಿಗೆ ಮನೆಯೆಂದರೆ ಉಣ್ಣುವುದಕ್ಕೆ, ಮಲಗುವುದಕ್ಕೆ. ಹಾಗಾಗಿ ಜಾಗದ ಜಗಳವೇನಿದ್ದರೂ ತಾಯಿ ಮಗಳ ನಡುವೆ. ಕಿಟಕಿ ಪಕ್ಕದ ಮೂಲೆ ಕಲ್ಲವ್ವನದು. ವಿಜಾಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗಿನಿಂದ ಅವಳು ಅಲ್ಲೇ ಕೂತು ಚಾಳಿನವರ, ಆಚೀಚೆ ಓಣಿಯವರ ರವಿಕೆ ಹೊಲಿಯುತ್ತ ಬಂದಿದ್ದಳು. ಈಗ ಬಿ.ಕಾಂ. ಕೊನೆಯ ವರ್ಷ ಓದುವ ಮಗಳು ಉಳಿದ ಮೂಲೆಗಳನ್ನೆಲ್ಲ ಫೋಮಿನ ಚೂರು, ಅಂಟಿನ ಡಬ್ಬಿ, ಬ್ರಶ್ಶುಗಳಿಂದ ತುಂಬಿಬಿಟ್ಟಿದ್ದಳು. ಹಾಸಿಗೆ ಬಿಡಿಸುವ ಮುಂಚೆ ಈರಬಸಪ್ಪ ಬಗ್ಗಿ ಬಗ್ಗಿ ಚೂರು ಆರಿಸಬೇಕು. ಪಾಪ, ಅವನು ಒಂದು ದಿನವೂ ಗೊಣಗಿದವನಲ್ಲ. ಅವನ ಪಾಲಿನದನ್ನೂ ಸೇರಿಸಿ ಕಲ್ಲವ್ವನೇ ಗೊಣಗುತ್ತಿದ್ದಳು.

ಇದಕ್ಕೆ ಕಾಸ್‌ಪ್ಲೇ ಅನ್ನುತ್ತಾರೆ ಎಂದು ರೇಣು ಹೇಳಿಕೊಟ್ಟಿದ್ದಳು. ಕಾರ್ಟೂನಿನಲ್ಲಿ, ಕಂಪ್ಯೂಟರಿನ ಆಟದಲ್ಲಿ ಬರುವವರ ಹಾಗೆ ತಲೆಯಿಂದ ಕಾಲಿನವರೆಗೆ ವೇಷ ಹಾಕಿಕೊಳ್ಳುವುದು. ಶಿವಾಜಿನಗರದ ಅವಳ ಕಾಲೇಜಿನಲ್ಲಿ ಹಿಂದಿನ ವರ್ಷದಿಂದ ಅದರದೊಂದು ಸ್ಪರ್ಧೆಯೂ ಶುರುವಾಗಿತ್ತು.

"ಅಂದ್ರ ಫ್ಯಾನ್ಸಿ ಡ್ರೆಸ್," ಎಂದಿದ್ದಳು ಕಲ್ಲವ್ವ. "ಬಾಲವಾಡ್ಯಾಗ ನೀ ಗಜ್ಜರಿ ಗಡ್ಡಿ ಆಗಿದ್ದಿಯಲ್ಲ, ಹಂಗ."

"ಹಂಗಲ್ಲವಾ."

"ಮತ್ತ ಹೆಂಗ? ಆಗ ಗಜ್ಜರಿ, ಈಗ ರಾಣಿ. ಅಷ್ಟ ಫರಕ."

ಇಂಥ ಕವಚವನ್ನು ಹೊರಗಿನಿಂದ ತರಿಸುವುದು ದುಡ್ಡಿದ್ದವರ ಮಾತು. ರೇಣುವಿನದೆಲ್ಲ ಮನೆಯ ಸರಂಜಾಮು. ರೋಹಿತನ ಕಾರ್ಖಾನೆಗೆ ಬರುವ ಯಂತ್ರದ ಭಾಗಗಳಿಗೆ ಸುತ್ತಿದ ಫೋಮನ್ನು ಅಲ್ಲಿ ಹೇಗೂ ಎಸೆಯುತ್ತಿದ್ದರು. ಅವನು ಸೂಪರ್‌ವೈಜರನ್ನು ಕೇಳಿ, ಸುರುಳಿ ಸುತ್ತಿ, ಕಂಪನಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದ. ಅದರ ಸಣ್ಣ ತೂತುಗಳನ್ನು ಮುಚ್ಚಲು ನೀರು ಬೆರೆಸಿದ ಫೆವಿಕಾಲು. ಅದು ಒಣಗಿದ ಮೇಲೆ ಗೋಡೆಗೆ ಬಳಿಯುವ ಬಿಳಿ ಡಿಸ್ಟೆಂಪರು. ಖಡ್ಗದ ಒಳಗೆ ಪ್ಲಂಬರ್ ಬಿಟ್ಟುಹೋದ ಪೈಪು, ಕಿರೀಟದ ಉಬ್ಬುಗುಂಡಿಗಳಿಗೆ ಔಷಧಿ ಬಾಟಲಿಯ ಮುಚ್ಚಳ. ಬಿಗಿದುಕೊಳ್ಳುವ ಇಲಾಸ್ಟಿಕ್ಕು ಮಾತ್ರ ಕಲ್ಲವ್ವನ ಡಬ್ಬಿಯದು. ಅದನ್ನು ಕೇಳಿ ತೆಗೆದುಕೊಂಡದ್ದಲ್ಲ.

ಈ ಸಲದ ಕವಚ ರೇಣು ತನಗೆಂದು ಮಾಡುತ್ತಿರಲಿಲ್ಲ. ಅವಳ ತರಗತಿಯಲ್ಲಿ ಮಾಧುರಿ ಅಂತ ಒಬ್ಬಳಿದ್ದಳು, ಬೆಂಗಳೂರಿನ ಕಡೆಯವಳು. ತಂದೆಗೆ ಹಡಪಸರದ ಐಟಿ ಆಫೀಸಿನಲ್ಲಿ ಕೆಲಸ, ಲಿಫ್ಟ್ ಇರುವ ಕಟ್ಟಡದಲ್ಲಿ ಮನೆ. ಹಿಂದಿನ ವರ್ಷ ರೇಣು ಹಾಕಿಕೊಂಡಿದ್ದ ಕಿರೀಟವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಈ ಸಲ ನನಗೆ ಮಾಡಿಕೊಡು, ಮಜೂರಿ ಕೊಡುತ್ತೇನೆ ಅಂದಿದ್ದಳು. ಅಳತೆ ಕೊಡಲು ಅವಳು ಚಾಳಿಗೆ ಬಂದಾಗ ಜೊತೆಗೆ ಒಂದು ಚಿತ್ರವನ್ನೂ ತಂದಿದ್ದಳು. ಚಿತ್ರದಲ್ಲಿದ್ದವಳು ಯಾವುದೋ ಹಿಮದ ನಾಡಿನ ಸೇನಾಪತಿಯಂತೆ. ಕೂದಲು, ಕವಚ, ಖಡ್ಗ, ಕಾಲಿನ ಬೂಟು, ಎಲ್ಲ ಬಿಳಿ.

"ಒಂದೇ ಒಂದು ವಿಷ್ಯ ಕಣೇ," ಎಂದಿದ್ದಳು ಮಾಧುರಿ. "ಪ್ಯೂರ್ ವೈಟ್ ಇರ್ಬೇಕು. ಜಡ್ಜಸ್ ಫೋಟೋ ಇಟ್ಕೊಂಡು ಕಂಪೇರ್ ಮಾಡ್ತಾರೆ. ಬೇರೆ ಕಲರ್ ಒಂದು ಡಾಟ್ ಇದ್ರೂ ಹೋಯ್ತು. ಇದು ಸರಿಯಾಗಿ ಬಂದ್ರೆ ಡಿಸೆಂಬರ್ ಫೆಸ್ಟಿಗೆ ನಮ್ ಗ್ರೂಪಿಂದೆಲ್ಲ ನೀನೇ ಮಾಡು. ಏನಂತೀರ ಆಂಟಿ, ನಿಮ್ಮ ಮಗಳು ಸಖತ್ ಟ್ಯಾಲೆಂಟೆಡ್ ಅಲ್ವಾ?"

ಕಲ್ಲವ್ವ ಅವಳಿಗೆ ಚಹಾ ಕೊಟ್ಟು, "ಹೂಂವಾ," ಎಂದಷ್ಟೇ ಹೇಳಿದ್ದಳು. ಅವಳು ಮೆಟ್ಟಿಲಿಳಿದು ಹೋದ ಮೇಲೆ ಮಗಳ ಕಡೆ ತಿರುಗಿದಳು.

"ದೀಪಾವಳಿ ಆದಮ್ಯಾಲ ಗದ್ದ್ಯಾಗ ಕಂಪ್ಯೂಟರ್ ಮುಂದ ಕೂಡಾಕ ಒಂದ್ ಹುಡುಗಿ ಬೇಕಂತ. ಅಪ್ಪ ನಿನ್ನ ಹೆಸರ ಹೇಳ್ಯಾರ."

"ನನಗ ಗದ್ದಿ ಬ್ಯಾಡವಾ. ನನಗ ಇದು ಮಾಡ್ಬೇಕನಸ್ತದ. ಇದರಾಗ ಮುಂದ ಬರೂದದ. ನಾಟಕದವ್ರು, ಜಾಹೀರಾತದವ್ರು, ಎಲ್ಲಾರಿಗೂ ಇಂಥವು ಬೇಕು."

ಕಲ್ಲವ್ವ ಸೂಜಿಗೆ ದಾರ ಪೋಣಿಸಿದಳು. ಆಮೇಲೆ ತನಗೆ ಗೊತ್ತಿದ್ದ ಒಂದೇ ಪರೀಕ್ಷೆಯನ್ನು ಮಗಳ ಮುಂದಿಟ್ಟಳು.

"ಹಂಗಾದ್ರ ಕೇಳು. ಗಿರಾಕಿ ಹೇಳಿದ ದಿನ, ಹೇಳಿದಂಗ, ಒಂದ್ ತಕರಾರಿಲ್ದ ಮಾಲ್ ಕೊಟ್ಟಿ ಅಂದ್ರ ಇದನ್ನ ಮಾಡ್ಕೋ, ನಾ ಬಾಯಿ ತೆಗ್ಯೂದಿಲ್ಲ. ತಕರಾರ ಬಂತಂದ್ರ ಮರುದಿನಾನ ಇದೆಲ್ಲಾ ರದ್ದಿಯವನಿಗೆ. ನೀ ಗದ್ದಿಗೆ."

"ಆತು," ಎಂದಳು ರೇಣು. ಅಷ್ಟು ಬೇಗ ಒಪ್ಪಿದ್ದು ನೋಡಿ ಕಲ್ಲವ್ವನಿಗೇ ಯಾಕೋ ಭಯವಾಯಿತು. ಈ ಹುಡುಗಿ ಇಷ್ಟು ಆಸೆಪಟ್ಟು ಏನನ್ನಾದರೂ ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

ಸ್ಪರ್ಧೆ ಬಂದದ್ದು ಖಂಡೇನವಮಿಯ ರವಿವಾರ. ಹಿಂದಿನ ಸಂಜೆಯೇ ಕವಚ ಮುಗಿದಿತ್ತು. ರೇಣು ಎಲ್ಲವನ್ನೂ ಗೋಡೆಗೆ ಆನಿಸಿ ಒಣಗಲು ಇಟ್ಟಿದ್ದಳು. ಬೆಳಿಗ್ಗೆ ಮೈ ತೊಳೆದುಕೊಂಡು, ಬೆನ್ನಿಗೆ ಬಿಗಿಯುವ ವೆಲ್ಕ್ರೋ ಪಟ್ಟಿ ಸಾಲದೆಂದು, ತೆರೆದಿರುವ ಅಂಗಡಿ ಹುಡುಕಿಕೊಂಡು ಗಾಡಿತಳದ ಪೇಟೆಯ ಕಡೆ ಹೋದಳು.

ಅವಳು ಹೋದ ಮೇಲೆ ಕಲ್ಲವ್ವ ಪೂಜೆಗೆ ಅಣಿ ಮಾಡಿದಳು. ಕೆಲಸದ ಹತ್ಯಾರಗಳಿಗೆಲ್ಲ ಆ ದಿನ ಪೂಜೆ. ಮಷೀನು ಒರೆಸಿ ಎಣ್ಣೆ ಬಿಟ್ಟು, ಚಕ್ರಕ್ಕೆ ಚೆಂಡುಹೂವಿನ ಮಾಲೆ ಸುತ್ತಿದಳು. ಮುಂದೆ ಮಣೆ ಹಾಕಿ ದೊಡ್ಡ ಕತ್ತರಿ, ಸಣ್ಣ ಕತ್ತರಿ, ಅಳತೆ ಪಟ್ಟಿ, ಇಸ್ತ್ರಿಪೆಟ್ಟಿಗೆ ಜೋಡಿಸಿದಳು. ಈರಬಸಪ್ಪ ತನ್ನ ಪೆನ್ನು ತಂದಿಟ್ಟ. ಅಡುಗೆಮನೆಯಿಂದ ಈಳಿಗೆ ಬಂತು. ಎಲ್ಲ ಆಯಿತು ಎನ್ನುವಾಗ ಅವಳ ಕಣ್ಣು ಗೋಡೆಯ ಕಡೆ ಹೋಯಿತು.

ಮಗಳ ಚಾಕು, ಬ್ರಶ್ಶು, ಬಿಸಿ ಅಂಟು ಹಿಂಡುವ ಬಂದೂಕು ಒಂದು ತಾಟಿನಲ್ಲಿದ್ದವು. ಅವೂ ಹತ್ಯಾರಗಳೇ ಅಲ್ಲವೆ? ಈ ಮಾತು ತನಗೆ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಸಣ್ಣ ನಾಚಿಕೆಯಾಯಿತು. ತಾಟನ್ನು ಮಣೆಯ ಪಕ್ಕಕ್ಕೆ ತಂದಿಟ್ಟಳು. ಆಮೇಲೆ ಎದೆಗವಚವನ್ನು ಎತ್ತಿ ಅದರ ಅಂಚಿನ ಗುಂಟ ಹೆಬ್ಬೆರಳು ಆಡಿಸಿದಳು. ಎಲ್ಲೂ ಏರುಪೇರಿರಲಿಲ್ಲ. ಕಂಕುಳ ಕೆಳಗಿನ ತಿರುವಿನಲ್ಲಿ ಎಷ್ಟೋ ಜನ ದರ್ಜಿಗಳ ಕೈ ಸೋಲುತ್ತದೆ. ಈ ಹುಡುಗಿಯ ಕೈ ಸೋತಿರಲಿಲ್ಲ. ಕಲ್ಲವ್ವನಿಗೆ ಬಹಳ ಸಂತೋಷವಾಯಿತು. ಅದನ್ನು ಹೇಳಲು ಮಗಳು ಎದುರಿಗಿರಲಿಲ್ಲ, ಇದ್ದರೂ ಅವಳು ಹೇಳುತ್ತಿರಲಿಲ್ಲ. ಕವಚವನ್ನೂ ತಂದು ಮಷೀನಿನ ಪಕ್ಕ ನಿಲ್ಲಿಸಿದಳು. ಇನ್ನು ಖಡ್ಗ. ಖಂಡೇನವಮಿಯ ದಿನ ಮನೆಯಲ್ಲಿ ಖಡ್ಗವೇ ಇರುವಾಗ ಅದನ್ನು ಬಿಟ್ಟು ಬರೀ ಈಳಿಗೆಯ ಪೂಜೆ ಮಾಡುವುದುಂಟೆ?

"ಛಲೋ ಕಾಣತದ ನೋಡು ಈ ವರ್ಷ," ಎಂದ ಈರಬಸಪ್ಪ, ಗಂಟೆ ಬಾರಿಸುತ್ತ.

ಕಲ್ಲವ್ವ ಯಾವುದನ್ನೂ ಅರೆಬರೆ ಮಾಡುವವಳಲ್ಲ. ವಿಭೂತಿ ಎಳೆದಳು, ಅರಿಷಿಣ ಕಲಸಿ ಹಚ್ಚಿದಳು, ನಡುವೆ ಕುಂಕುಮವನ್ನು ಬೆರಳು ಒದ್ದೆ ಮಾಡಿಕೊಂಡು ಒತ್ತಿದಳು. ಮಷೀನಿಗೆ, ಕತ್ತರಿಗೆ, ಅಂಟಿನ ಬಂದೂಕಿಗೆ, ಎದೆಗವಚಕ್ಕೆ, ಭುಜಗಳಿಗೆ, ಮುಂಗೈ ಪಟ್ಟಿಗಳಿಗೆ, ಕಿರೀಟಕ್ಕೆ, ಖಡ್ಗಕ್ಕೆ, ಒಂದನ್ನೂ ಬಿಡದೆ ಹಚ್ಚಿದಳು. ವಿಭೂತಿಯೊಂದನ್ನೇ ಎಳೆದು ಸುಮ್ಮನಾಗಿದ್ದರೆ ಬಿಳಿಯ ಮೇಲೆ ಬಿಳಿ, ಯಾರಿಗೂ ಕಾಣುತ್ತಿರಲಿಲ್ಲ. ಆರತಿ ಬೆಳಗಿ, ಹೋಳಿಗೆಯ ಎಡೆ ತೋರಿಸಿದಳು. ಈರಬಸಪ್ಪ ಗದ್ದಿಯ ತಕ್ಕಡಿ ಪೂಜೆಗೆಂದು ಮಾರ್ಕೆಟ್ ಯಾರ್ಡಿಗೆ ಹೊರಟುಹೋದ. ಕಲ್ಲವ್ವ ಒಳಗೆ ಹೋಗಿ ಕಟ್ಟಿನ ಸಾರಿಗೆ ಒಗ್ಗರಣೆ ಹಾಕಿದಳು.

ರೇಣು ಬಂದವಳು ಹೊಸ್ತಿಲಲ್ಲೇ ನಿಂತಳು. ಮೊದಲು ಅವಳಿಗೆ ಕಂಡದ್ದು ಹೂವು. ತನ್ನ ಅಂಟಿನ ಬಂದೂಕಿನ ಮೇಲೊಂದು ಸೇವಂತಿಗೆ. ಆಮೇಲೆ ಉಳಿದದ್ದೂ ಕಂಡಿತು.

"ಯವ್ವಾ! ಇದೇನ ಮಾಡಿದಿ?"

ಕಲ್ಲವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಮುಖದಲ್ಲಿ ನಗು ಇತ್ತು. ಮಗಳ ಮುಖ ನೋಡಿ ಅದು ಅಲ್ಲೇ ನಿಂತಿತು.

"ಪೂಜಿ ಮಾಡೀನಲ್ಲ. ನಿನ್ನ ಹತ್ಯಾರಕ್ಕ, ನಿನ್ನ—"

"ಬಿಳೇದು ಬೇಕು ಅಂದಿದ್ಲಲ್ಲವಾ ಆಕಿ! ಒಂದ್ ಚುಕ್ಕಿನೂ ಇರಬಾರ್ದು ಅಂದಿದ್ಲು!"

"ವರಸಿದ್ರ ಹೋಗ್ತದ ತಗೋ," ಎಂದಳು ಕಲ್ಲವ್ವ. ಮಷೀನಿನ ಮೇಲಿನ ಕುಂಕುಮ ವರ್ಷ ವರ್ಷ ಒರೆಸಿದರೆ ಹೋಗುತ್ತಿತ್ತು, ಕತ್ತರಿಯದೂ ಹೋಗುತ್ತಿತ್ತು. ಅವು ಕಬ್ಬಿಣ. ಇದು ಗೋಡೆಯ ಬಣ್ಣ, ಬಿದ್ದದ್ದನ್ನು ಹೀರಿಕೊಳ್ಳುವಂಥದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಚುಕ್ಕೆಯಷ್ಟಿದ್ದ ಕೆಂಪು ಅಂಗೈಯಗಲ ಹರಡಿತು. ರೇಣು ಗಾಬರಿಯಲ್ಲಿ ಬಟ್ಟೆ ತೊಳೆಯುವ ಸೋಪು ತಂದು ಉಜ್ಜಿದಳು. ಸೋಪು ತಾಗಿದರೆ ಅರಿಷಿಣ ಕೆಂಪಾಗುತ್ತದೆ ಎಂದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ. ಹಳದಿಯಿದ್ದಲ್ಲೆಲ್ಲ ಇಟ್ಟಿಗೆಯ ಬಣ್ಣ ಮೂಡಿತು. ಡಬ್ಬಿಯ ತಳದಲ್ಲಿದ್ದ ಡಿಸ್ಟೆಂಪರನ್ನು ಕೆರೆದು ಬೆರಳಿನಿಂದಲೇ ಮೇಲೆ ಬಳಿದು, ಫ್ಯಾನಿನ ಕೆಳಗೆ ಹಿಡಿದು ಒಣಗಿಸಿದಳು. ಒಣಗುತ್ತ ಒಣಗುತ್ತ ಒಳಗಿನ ಕುಂಕುಮ ಮೇಲೆದ್ದು ಬಂದು ಎದೆಗವಚದ ನಡುವೆ ದೊಡ್ಡ ಗುಲಾಬಿ ಕಲೆಯಾಯಿತು.

ಮೊಬೈಲು ಹೊಡೆದುಕೊಂಡಿತು. ಮಾಧುರಿ.

"ರೇಣು, ರೆಡಿನಾ? ಮೇಕಪ್ ಮುಗೀತು ನಂದು. ಊಟ ಮಾಡ್ಕೊಂಡು ಡ್ರೈವರ್ ಜೊತೆ ಬಂದ್ಬಿಡ್ತೀನಿ, ಓಕೆ?"

"ಹೂಂ," ಎಂದಳು ರೇಣು. "ರೆಡಿ ಅದ. ಬಾ."

ಫೋನು ಇಟ್ಟವಳೇ ತಾಯಿಯ ಕಡೆ ತಿರುಗಿದಳು. ಅಳುತ್ತಿರಲಿಲ್ಲ. ಅತ್ತಿದ್ದರೇ ಕಲ್ಲವ್ವನಿಗೆ ಸುಲಭವಾಗುತ್ತಿತ್ತು.

"ನೀ ಬೇಕಂತ ಮಾಡಿದಿ. ತಕರಾರ ಬರ್ಲಿ ಅಂತ. ನಾ ಗದ್ದ್ಯಾಗ ಹೋಗಿ ಕೂಡ್ಲಿ ಅಂತ."

ಈ ಮಾತು ವಾರದ ಹಿಂದೆ ಬಂದಿದ್ದರೆ ಕಲ್ಲವ್ವ ಸೌಟು ಬೀಸಿ ಒಂದು ಕೊಡುತ್ತಿದ್ದಳೇನೋ, ಯಾಕೆಂದರೆ ಆಗ ಅದರಲ್ಲಿ ಒಂದಿಷ್ಟು ನಿಜವಿತ್ತು. ಇದು ಕೆಟ್ಟುಹೋಗಲಿ, ಮಗಳು ದಾರಿಗೆ ಬರಲಿ ಎಂದು ಅವಳ ಮನಸ್ಸಿನ ಮೂಲೆಯಲ್ಲಿ ಸುಳಿದದ್ದುಂಟು. ಇವತ್ತು ಬೆಳಿಗ್ಗೆ ಮಾತ್ರ ಹಾಗಿರಲಿಲ್ಲ. ಆರತಿ ಬೆಳಗುವಾಗ, ಈಕೆಯ ಕೈಗೆ ಒಳ್ಳೆಯದಾಗಲಿ ಎಂದು ಕಣ್ಣು ಮುಚ್ಚಿ ಬೇಡಿಕೊಂಡಿದ್ದಳು. ಅದನ್ನು ಈಗ ಹೇಳಿದರೆ ಯಾರು ನಂಬುತ್ತಾರೆ? ಒಳಗೆ ಹೋಗಿ ಸೌಟು ಇಟ್ಟು, ಒಲೆ ಆರಿಸಿ ಬಂದಳು.

ಅಷ್ಟರಲ್ಲಿ ರೇಣು ಟ್ರಂಕು ತೆಗೆದು ಬಿಳಿ ಸ್ಯಾಟಿನ್ ಬಟ್ಟೆಯನ್ನು ಎಳೆದಿದ್ದಳು. ಶಾಲೆಯೊಂದರ ವಾರ್ಷಿಕ ಗ್ಯಾದರಿಂಗಿಗೆ ಹುಡುಗಿಯರ ಫ್ರಾಕು ಹೊಲಿದು ಉಳಿದದ್ದು ಅದು. ಅಂಟಿಸಿದರೆ ಅಂಟು ಆಚೆಗೆ ಮೂಡುವ ಬಟ್ಟೆ, ಹೊಲಿದೇ ಹಾಕಬೇಕು. ಕೈಯಲ್ಲಿ ಹೊಲಿಯುತ್ತ ಕೂತರೆ ಸಂಜೆಯಾಗುತ್ತದೆ. ರೇಣು ಮಣೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕತ್ತರಿಯ ಮೇಲಿನ ಹೂವು ಸರಿಸಿದಳು.

"ಮುಟ್ಟಬ್ಯಾಡ!"

ಕಲ್ಲವ್ವನ ದನಿಗೆ ರೇಣುವಿನ ಕೈ ತಾನೇ ಹಿಂದಕ್ಕೆ ಬಂತು. ಪೂಜೆಯಾದ ಹತ್ಯಾರವನ್ನು ಮರುದಿನ ದಸರೆಯ ಪೂಜೆ ಮುಗಿಯುವ ತನಕ ಮುಟ್ಟುವ ಹಾಗಿಲ್ಲ. ಅದಕ್ಕೂ ವಿಶ್ರಾಂತಿ ಬೇಕು, ಆ ಒಂದು ದಿನ ಅದು ದೇವರು. ಚಾಳಿನ ಮರಾಠಿ ಮನೆಗಳಲ್ಲಿ ಪೂಜೆ ನಾಳೆ; ಕತ್ತರಿಯನ್ನೇನೋ ಅವರಿಂದ ಕೇಳಿ ತರಬಹುದಿತ್ತು. ಮಷೀನು ಎಲ್ಲಿಂದ ತರುವುದು? ಇಡೀ ಚಾಳಿಗೆ ಇದ್ದದ್ದು ಅದೊಂದೇ.

"ಹಂಗಾದ್ರ ನಾ ಏನ್ ಮಾಡ್ಲಿ?" ಎಂದಳು ರೇಣು. ಈಗ ಅವಳ ದನಿ ಒಡೆಯಿತು. "ಹೇಳಲ್ಲ, ಏನ್ ಮಾಡ್ಲಿ?"

ಕಲ್ಲವ್ವ ಎದೆಗವಚವನ್ನು ತೊಡೆಯ ಮೇಲಿಟ್ಟುಕೊಂಡು, ಕಲೆಯ ಸುತ್ತ ಗೇಣು ಹಾಕಿ ನೋಡಿದಳು. ಭುಜದ ತುಂಡನ್ನು ಮುಷ್ಟಿಯ ಮೇಲೆ ಕವುಚಿಟ್ಟು ಅದರ ಉಬ್ಬು ಅಳೆದಳು. ಸಪಾಟು ಬಟ್ಟೆಯನ್ನು ದುಂಡಗಿನ ಮೈಗೆ ಕೂರಿಸುವುದು ಅವಳ ದಿನನಿತ್ಯದ ಕೆಲಸ. ಕಟೋರಿ ರವಿಕೆಯ ಹಾಗೆ ತುಂಡು ಮಾಡಿ ಜೋಡಿಸಿದರೆ ಸುಕ್ಕಿಲ್ಲದೆ ಕೂರುತ್ತಿತ್ತು. ಕೂರಿಸಬಹುದು ಎಂದು ಗೊತ್ತಾದ ಮೇಲೆ ಅವಳಿಗೆ ಇನ್ನೂ ಕಷ್ಟವಾಯಿತು. ಆಗುವುದಿಲ್ಲ ಅಂತಿದ್ದರೆ ಸುಮ್ಮನೆ ಕೂತುಬಿಡಬಹುದಿತ್ತು.

ಎದ್ದು ಕಾಲು ತೊಳೆದು ಬಂದಳು. ಮಷೀನಿಗೆ ಕೈ ಮುಗಿದಳು. ಮಣೆಯ ಮೇಲೆ ತಲೆಯಿಟ್ಟು ನಮಸ್ಕಾರ ಮಾಡಿದಳು. ರೇಣು ಮುಂದೆ ಬಂದು ಮತ್ತೆ ಕತ್ತರಿಗೆ ಕೈ ಚಾಚಿದಾಗ ಆ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದಳು.

"ನೀ ಮುಟ್ಟಬ್ಯಾಡ. ನೀ ಇನ್ನ ಮುಂದ ಇವುಗಳ ಮ್ಯಾಲ ದುಡದು ತಿನ್ನೂ ಹುಡುಗಿ. ನಾ ಮುಟ್ತೀನಿ. ಏನರ ಆಗೂದಿದ್ರ ನನಗಾಗಲಿ."

"ಯವ್ವಾ, ಬ್ಯಾಡ. ಬಿಡು. ನಾ ಆಕಿಗೆ ಫೋನ್ ಮಾಡಿ ಹೇಳ್ತೀನಿ."

"ಏನಂತ ಹೇಳ್ತಿ? ಗಿರಾಕಿಗೆ ರೆಡಿ ಅದ ಅಂತ ಹೇಳಿದಿ. ಹಿಡಿ ಆ ಬಟ್ಟಿ ಅಂಚು, ನೆಲಕ್ಕ ತಾಗಸಬ್ಯಾಡ."

ಕತ್ತರಿ ಸ್ಯಾಟಿನ್ನಿನಲ್ಲಿ ಸರಸರ ನಡೆಯಿತು. ಕಲ್ಲವ್ವ ಗುರುತು ಹಾಕಲಿಲ್ಲ, ಸೀಮೆಸುಣ್ಣ ಹುಡುಕುವಷ್ಟು ವೇಳೆಯಿರಲಿಲ್ಲ. ಮಷೀನಿನ ಮುಂದೆ ಕೂತಳು. ಕಾಲು ಹಲಗೆಯ ಮೇಲಿಟ್ಟಳು, ಒಂದು ಕ್ಷಣ ತಡೆದಳು, ಆಮೇಲೆ ತುಳಿದಳು. ಒಂದೊಂದು ತುಂಡು ಮುಗಿದ ಹಾಗೆ ರೇಣು ಅದನ್ನು ಫೋಮಿನ ಮೇಲೆ ಎಳೆದು ಕೂರಿಸಿ, ಹಿಂಬದಿಯಲ್ಲಿ ಮಡಚಿ ದಾರದಿಂದ ಬಿಗಿದಳು. ಸ್ಯಾಟಿನ್ನಿನ ಹೊಳಪು ಬಿದ್ದು ಎದೆಗವಚ ಚಿತ್ರದಲ್ಲಿದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ರಾಜಠೀವಿ ಪಡೆಯಿತು. ಅದನ್ನು ಗಮನಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಖಂಡೇನವಮಿಯ ಮಧ್ಯಾಹ್ನ ಕಲ್ಲವ್ವನ ಮಷೀನಿನ ಸದ್ದು ಚಾಳಿನಲ್ಲಿ ಅದುವರೆಗೆ ಯಾರೂ ಕೇಳಿದ್ದಿಲ್ಲ. ಪಕ್ಕದ ಮನೆಯ ಕಾಶವ್ವ ಊಟ ಬಿಟ್ಟು ಎದ್ದು ಬಂದಳು. ಅವಳೂ ವಿಜಾಪುರದ ಕಡೆಯವಳೇ. ಯಾರ ಮನೆಯಲ್ಲಿ ಯಾವ ನೇಮ ನಡೆಯಿತು, ಯಾವುದು ತಪ್ಪಿತು ಎಂಬುದೆಲ್ಲ ಅವಳ ಬಾಯಲ್ಲೇ ಇರುತ್ತಿತ್ತು. ಎಂಜಲು ಕೈಯನ್ನು ದೂರ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನೋಡಿದಳು.

"ಇದೇನ್ರಿ ಕಲ್ಲವ್ವಾರ! ಪೂಜಿ ಆದ ಮಷೀನ್ ತುಳೀಲಿಕತ್ತೀರಿ?"

ಕಲ್ಲವ್ವ ತಲೆ ಎತ್ತಲಿಲ್ಲ. "ಹೌದ್ರಿ," ಎಂದಳು.

"ನಮ್ಮ ತಂಗಿ ಮಗಳ ಲಗ್ನದಾಗ ನಿಮ್ಮ ಕಾಲ ಹಿಡದಿದ್ನಿ ನಾ. ಮದುಮಗಳ ರವಿಕಿ ತೋಳ ಬಿಗಿ ಆಗ್ಯಾವ, ನಾಕ್ ಹೊಲಿಗಿ ಬಿಚ್ಚಿ ಹಾಕಿಕೊಡ್ರಿ ಅಂತ. ನವಮಿ ಅದ, ಮುಟ್ಟೂದಿಲ್ಲ ಅಂದ್ರಿ. ಆ ಹುಡುಗಿ ಹಳೇ ರವಿಕಿ ಮ್ಯಾಲ ದೇವಕಾರ್ಯಕ್ಕ ಕೂತಳು. ನೆನಪದ ಇಲ್ಲೋ?"

ರೇಣುವಿನ ಕೈ ನಿಂತಿತು. ಈ ಕಥೆ ಅವಳಿಗೆ ಗೊತ್ತಿರಲಿಲ್ಲ. ಎಲ್ಲ ನನ್ನಿಂದ, ನನ್ನದೇ ತಪ್ಪು ಎಂದು ಹೇಳಲು ಬಾಯಿ ತೆರೆದಳು. ಕಲ್ಲವ್ವ ಮೊಣಕೈಯಿಂದ ಮಗಳನ್ನು ತಿವಿದು ಸುಮ್ಮನಿರಿಸಿದಳು.

"ನೆನಪದರಿ ಕಾಶವ್ವಾರ. ಅವತ್ತ ಮುಟ್ಟಲಿಲ್ಲ ಖರೆ. ನೀವು ಅನ್ನೂದು ಎಷ್ಟರ ಅನ್ನರಿ, ನಾಳಿಗಿ ಕೂತು ಕೇಳ್ತೀನಿ." ಹಲ್ಲಿನಿಂದ ದಾರ ಕಡಿದು ಮುಂದಿನ ತುಂಡನ್ನು ಸೂಜಿಯ ಕೆಳಗಿಟ್ಟಳು. "ಇವತ್ತ ನನ್ನ ಮಗಳ ಆರ್ಡರ್ ಅದರಿ. ಟಾಯಮಿಗೆ ಕೊಡಬೇಕು."

ಕಾಶವ್ವ ತಾಯಿ ಮಗಳನ್ನು ಒಮ್ಮೆ ನೋಡಿ, ಕೈ ತೊಳೆಯಲು ಹೊರಟುಹೋದಳು. ರೇಣುವಿನ ಎರಡೂ ಕೈಗಳು ಸ್ಯಾಟಿನ್ ಹಿಡಿದಿದ್ದವು. ಕಣ್ಣನ್ನು ಭುಜಕ್ಕೆ ಒರೆಸಿಕೊಂಡಳು. ಕೆಳಗೆ ರಸ್ತೆಯಲ್ಲಿ ಕಾರೊಂದು ನಿಂತು ಹಾರ್ನ್ ಹೊಡೆಯಿತು.

"ಮ್ಯಾಲ ಬಾ ಅನ್ನು ಆಕಿಗೆ," ಎಂದಳು ಕಲ್ಲವ್ವ. "ಹಾಕ್ಕೊಂಡ ಮ್ಯಾಲ ಒಮ್ಮಿ ಫಿಟಿಂಗ್ ನೋಡ್ಬೇಕು."

ಚಕ್ರಕ್ಕೆ ಸುತ್ತಿದ್ದ ಮಾಲೆಯನ್ನು ಅವಳು ತೆಗೆದಿರಲಿಲ್ಲ. ತುಳಿದ ಹಾಗೆಲ್ಲ ಅದೂ ಚಕ್ರದ ಜೊತೆ ಗರಗರ ತಿರುಗುತ್ತಿತ್ತು. ಕಳಚಿದ ಎಸಳುಗಳು ಅವಳ ಪಾದದ ಮೇಲೆ, ಬಿಳಿ ಬಟ್ಟೆಯ ಚೂರುಗಳ ಮೇಲೆ ಬೀಳುತ್ತಿದ್ದವು.